ದೆಹಲಿಯ ದಾರಿಯಲ್ಲಿ ಒಂದು ಕುಂಕುಮದ ಭರಣಿ

ಡಿಸೆಂಬರ್ ಇಪ್ಪತ್ತೊಂದು, ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಮರಾಠಿ ನಾಡಿನ ಈ ಖರಾಡಿಯ ಚಳಿಗೆ ಬೆರಳು ಮರಗಟ್ಟಿದ್ದರೂ ಬರೆಯಲು ಕೂತಿದ್ದೇನೆ. ಗುರುವಾರ ಕಂಡದ್ದನ್ನು ಇನ್ನೂ ದಿನಚರಿಗೆ ಇಳಿಸಿಲ್ಲ. ನನ್ನಂಥವಳಿಗೆ ಅದು ಅಜೀರ್ಣವಿದ್ದಂತೆ. ಉಪ್ಪಿನಕಾಯಿ ಜಾಡಿಗೂ ತಾರೀಖಿನ ಚೀಟಿ ಅಂಟಿಸುವ ಹುಡುಗಿ ಎಂದು ನಮ್ಮಮ್ಮ ಗಂಡಿನ ಕಡೆಯವರ ಹತ್ತಿರ ಹೇಳಬಾರದ್ದನ್ನೆಲ್ಲ ಹೇಳಿಬಿಟ್ಟಿದ್ದಾರೆ. ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಅದರ ತಾರೀಖೂ ನನ್ನ ಹತ್ತಿರ ಇದೆ.

ಮೊದಲು ಫ್ಲೆಕ್ಸಿನ ವಿಷಯ. ನಮ್ಮ ಮನೆಯ ಮಾಲೀಕರು ಗುರುಶಾಂತಪ್ಪನವರು. ಅವರ ತಂದೆ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು; ಇವರು ಮರಳು, ಇಟ್ಟಿಗೆ ಪೂರೈಸುತ್ತಾ ಮೂರಂತಸ್ತಿನ ಮನೆಯ ಒಡೆಯರಾದವರು. ಕೆಳಗೆ ಅವರು, ಹೆಂಡತಿ ಸುವರ್ಣಕ್ಕ, ತಾಯಿ ನೀಲಮ್ಮ. ಮೇಲೆ ಹಾಸನದಿಂದ ಐ.ಟಿ. ಕೆಲಸಕ್ಕೆ ಬಂದ ನಾನು. ನಗರಪಾಲಿಕೆಗೆ ಆರಿಸಿ ಬರಬೇಕೆಂಬುದು ಗುರುಶಾಂತಪ್ಪನವರ ಹಳೆಯ ಆಸೆ. ಅದಕ್ಕಾಗಿ ಹಬ್ಬ ಹುಣ್ಣಿಮೆಗೆಲ್ಲ ಚೌಕದಲ್ಲಿ ನಾಗರಿಕರಿಗೆ ಶುಭ ಕೋರುತ್ತಿದ್ದರು. ದಸರೆಯ ಫ್ಲೆಕ್ಸಿನಲ್ಲಿ ಅವರ ಮುಖ ಮೊರದಗಲ ಇತ್ತು. ಕೆಳಗಿನ ಮೂಲೆಯಲ್ಲಿ ಸುವರ್ಣಕ್ಕ ಸೀರೆಗೆ ಸಿಕ್ಕಿಸುವ ಪಿನ್ನಿನಷ್ಟು. ಆಮೇಲೆ ಮೀಸಲಾತಿಯ ಚೀಟಿ ಎತ್ತಿದರು. ಅವರು ಕಣ್ಣಿಟ್ಟಿದ್ದ ಸೀಟು ಮಹಿಳೆಯರ ಪಾಲಾಯಿತು. ಮುಂದಿನ ವಾರದ ಫ್ಲೆಕ್ಸಿನಲ್ಲಿ ಸುವರ್ಣಕ್ಕನ ಮುಖವೂ ಮೊರದಗಲ. ಹಿಂದೆ ಕೈ ಮುಗಿದು ನಿಂತ ಗುರುಶಾಂತಪ್ಪನವರದೂ ಮೊರದಗಲವೇ. ಹೆಂಡತಿ ಬೆಳೆದಳು, ಗಂಡ ಕುಗ್ಗಲಿಲ್ಲ. ಫ್ಲೆಕ್ಸ್ ಅಷ್ಟೇ ದೊಡ್ಡದಾಯಿತು. ಮಹಿಳಾ ಸಬಲೀಕರಣದ ನಮ್ಮ ರಾಷ್ಟ್ರೀಯ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಚಿತ್ರಿಸಿದ್ದನ್ನು ನಾನು ಕಂಡಿಲ್ಲ.

ಈ ಫ್ಲೆಕ್ಸ್ ನನ್ನ ತಲೆ ಕೆಡಿಸಿತು. ಒಂದು ಶನಿವಾರ ಕೂತು ನಮ್ಮ ದೇಶದಲ್ಲೂ ನೆರೆಹೊರೆಯಲ್ಲೂ ಉನ್ನತ ಪದವಿಗೇರಿದ ಮಹಿಳೆಯರ ಕೋಷ್ಟಕ ಮಾಡಿದೆ. ಕಾಲಂಗಳು ನಾಲ್ಕು: ಯಾರ ಮಗಳು, ಯಾರ ಹೆಂಡತಿ, ಯಾರ ವಿಧವೆ, ಇದ್ಯಾವುದೂ ಅಲ್ಲ. ಮೊದಲ ಮೂರು ಬೇಗ ತುಂಬಿದವು. ಜಗತ್ತಿನಲ್ಲೇ ಮೊದಲು ಮಹಿಳೆಯನ್ನು ಪ್ರಧಾನಿಯಾಗಿಸಿದ ನೆರೆಯ ದ್ವೀಪದಲ್ಲಿ ಆಕೆ ಆಗ ತಾನೆ ಗಂಡನನ್ನು ಕಳೆದುಕೊಂಡಿದ್ದರು. ನಾಲ್ಕನೆಯ ಕಾಲಂನವರು ಹೆಚ್ಚಾಗಿ ಮದುವೆಯಾಗದವರು. ಒಟ್ಟಿನಲ್ಲಿ ಉಪಖಂಡ ಒಪ್ಪಿದ ನಾಯಕಿಗೆ ಒಂದೋ ಗಂಡ ತೀರಿಕೊಂಡಿರಬೇಕು, ಇಲ್ಲವೇ ಗಂಡನೇ ಇರಬಾರದು. ಇರುವ ಗಂಡ ಅಂದರೆ ಗುರುಶಾಂತಪ್ಪ. ಗಂಡಸರಿಗೂ ಒಂದು ಕೋಷ್ಟಕ ಶುರು ಮಾಡಿದ್ದೆ. 'ಯಾರ ಮಗ' ಎಂಬ ಕಾಲಂ ಪುಟ ದಾಟಿ ಹೋದದ್ದರಿಂದ ಬಿಟ್ಟುಬಿಟ್ಟೆ. ಅವರದಕ್ಕೆ ಪರಂಪರೆ ಎನ್ನುತ್ತಾರೆ.

ಆಫೀಸಿನ ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ಬೆಂಗಳೂರಿನ ಸಹೋದ್ಯೋಗಿಯೊಬ್ಬ ನಕ್ಕ. "ಅವ್ರೆಲ್ಲ ಬರೀ ಫೇಸ್ ಕಣೇ. ರಿಮೋಟ್ ಇನ್ಯಾರ್ದೋ ಕೈಲಿರತ್ತೆ" ಎನ್ನುತ್ತಾ ಡಬ್ಬಿ ತೆರೆದ. ಒಳಗೆ ಏನಿದೆಯೆಂದು ಅವನಿಗೂ ಗೊತ್ತಾದದ್ದು ಆಗಲೇ. ಹೆಂಡತಿ ಹಾಗಲಕಾಯಿ ಕಳಿಸಿದ್ದಳು. ಒಂದು ಚೂರೂ ಬಿಡದೆ ತಿಂದ. ಲೋಕಸಭೆಯಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿಗೆಂದು ಕಾನೂನೇ ಆಗಿದೆಯಲ್ಲ ಎಂದೆ. ಜಾರಿಗೆ ಮಾತ್ರ ಜನಗಣತಿಯಾಗಬೇಕು, ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಬೇಕು. ಊಟಕ್ಕೆ ಕರೆದು, ಸಾಲಾಗಿ ಕೂರಿಸಿ, ಬಾಳೆಗಿಡ ನೆಟ್ಟಿದ್ದೇವೆ, ಎಲೆ ಬಿಟ್ಟ ಕೂಡಲೇ ಬಡಿಸುತ್ತೇವೆ ಎಂದಂತೆ.

ಸುವರ್ಣಕ್ಕನ ಆಸೆ ಮಾತ್ರ ದೆಹಲಿಯಷ್ಟು ದೂರದ್ದಲ್ಲ. ಟಿಕೆಟ್ ಬಯಸುವವರನ್ನು ಪಕ್ಷದವರು ಕರೆದು ಸಂದರ್ಶನ ಮಾಡುತ್ತಾರೆ. ಅಲ್ಲಿ ಆಕೆಗೆ ಕೇಳಿದ ಪ್ರಶ್ನೆಗಳಿಗೆಲ್ಲ ಪಕ್ಕದಲ್ಲಿ ಕೂತ ಗಂಡನೇ ಉತ್ತರ ಕೊಟ್ಟರಂತೆ. ಆಕೆಯ ಹುಟ್ಟಿದ ದಿನವನ್ನೂ ಅವರೇ ಹೇಳಿದರು, ಅದೂ ತಪ್ಪಾಗಿ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ಸುವರ್ಣಕ್ಕ ನನಗೆ ಹೇಳಿದ್ದು ಇಷ್ಟೇ: "ತಂಗಿ, ಟಿಕೆಟ್ ಸಿಗಲಿ ಬಿಡಲಿ, ಒಂದ್ಸಲ ನನ್ನ ಮಾತು ನಾನ ಆಡಬೇಕು ನೋಡು."

ಅವಕಾಶ ಕೊಟ್ಟವರು ಗುರುಶಾಂತಪ್ಪನವರೇ, ತಮಗೆ ಗೊತ್ತಿಲ್ಲದೆ. ಚುನಾವಣೆಯ ನೀತಿಸಂಹಿತೆ ಬಂದು ಫ್ಲೆಕ್ಸ್ ಇಳಿಯಿತು. ಆದರೆ ಇಲ್ಲಿ ಮಾರ್ಗಶಿರ ಮಾಸದ ಗುರುವಾರಗಳಲ್ಲಿ ಹೆಂಗಸರು ಲಕ್ಷ್ಮೀಪೂಜೆ ಮಾಡಿ, ಕೊನೆಯ ಗುರುವಾರ ಮುತ್ತೈದೆಯರನ್ನು ಅರಿಸಿನ ಕುಂಕುಮಕ್ಕೆ ಕರೆಯುತ್ತಾರೆ. ಮನೆಯ ಪೂಜೆಗೆ ಯಾವ ಸಂಹಿತೆ? ಇಡೀ ಗಲ್ಲಿಯನ್ನು ಕರೆಸಿದರು. ಅಷ್ಟೇ ಅಲ್ಲ, ಟಿಕೆಟ್ ಯಾರಿಗೆಂದು ವರದಿ ಕೊಡಲಿರುವ ಪಕ್ಷದ ನಿರೀಕ್ಷಕಿಯನ್ನೂ ಫೋನಿನಲ್ಲಿ ಆಹ್ವಾನಿಸಿದರು. ಆಕೆಯ ಕಾರು ಯಾವುದು, ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ ಎಲ್ಲ ವಿಚಾರಿಸಿದ್ದರು. ಒಂದೇ ತೊಡಕು: ಗಂಡಸರು ಒಳಗೆ ಕೂರುವಂತಿಲ್ಲ. ಅದಕ್ಕೆ ನನ್ನನ್ನು ಹಿಡಿದರು.

"ಮೇಡಂ, ಆಕಿ ಅಂಜತಾಳ್ರಿ. ನೀವು ಬಾಜೂಕ ಕೂಡ್ರಿ. ನಾ ಹೊರಗಿಂದ ಮೆಸೇಜ್ ಹಾಕ್ತೀನಿ, ನೀವು ಕಿವ್ಯಾಗ ಹೇಳ್ರಿ."

ಬಾಡಿಗೆಯವಳು ಇಲ್ಲವೆನ್ನುವುದುಂಟೆ? ರಿಮೋಟಿನ ಬಗ್ಗೆ ವಾದಿಸಿದವಳು ರಿಮೋಟಿನ ಸೆಲ್ ಆಗಿ ಕೂತೆ.

ಗುರುವಾರ ಸಂಜೆ ಪಡಸಾಲೆ ತುಂಬಿತ್ತು. ಗೋಡೆಗೊರಗಿ ಎದುರು ಮನೆಯ ಹಿರಿಯಾಕೆ, ಗಲ್ಲಿಗೆಲ್ಲ 'ಕಾಕು' ಅಂದರೆ ಚಿಕ್ಕಮ್ಮ, ಕೂತಿದ್ದರು. ಗಲ್ಲಿಯ ಹೆಂಗಸರ ಮತ ಅವರು ಹುಬ್ಬು ಹಾರಿಸಿದ ಕಡೆಗೆ ಬೀಳುತ್ತದೆಂದು ಪ್ರತೀತಿ. ನಿರೀಕ್ಷಕಿ ಬಂದರು. ನೂಲಿನ ಸೀರೆ, ನರೆತ ಕೂದಲು, ಬರಿ ಹಣೆ, ಬರಿ ಕೊರಳು. ನಾನು ಅರ್ಥ ಮಾಡಿಕೊಳ್ಳುವುದರೊಳಗೆ ಕೋಣೆಗೆಲ್ಲ ಅರ್ಥವಾಗಿತ್ತು. ಗಂಡನಿಲ್ಲದವರನ್ನು ಇದಕ್ಕೆ ಕರೆಯುವುದಿಲ್ಲ. ಕರೆದರೂ ಕುಂಕುಮದ ತಟ್ಟೆ ಅವರನ್ನು ದಾಟಿ ಮುಂದೆ ಹೋಗುತ್ತದೆ. ಇವತ್ತು ಲಕ್ಷ್ಮಿಯ ದಿನ, ಇದು ಸರಿಹೋಗದು ಎಂದು ಕಾಕು ಮರಾಠಿಯಲ್ಲಿ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು. ನಿರೀಕ್ಷಕಿಗೆ ಇದು ಹೊಸದಲ್ಲವೇನೋ. ತಾವೇ ಬಾಗಿಲ ಬಳಿಯ ಕುರ್ಚಿಗೆ ಸರಿದು, ಚಹಾ ಕುಡಿದು ಹೊರಡುತ್ತೇನೆ ಎಂದರು. ನನಗೆ ನನ್ನ ಕೋಷ್ಟಕ ನೆನಪಾಯಿತು. ಅದರಲ್ಲಿದ್ದ ಅರ್ಧಕ್ಕರ್ಧ ನಾಯಕಿಯರಿಗೆ ಈ ಪಡಸಾಲೆಯಲ್ಲಿ ಇದೇ ಕುರ್ಚಿ. ಪ್ರಧಾನಿ ಪಟ್ಟಕ್ಕೆ ಅಡ್ಡಿಯಾಗದ್ದು ಚಿಟಿಕೆ ಕುಂಕುಮಕ್ಕೆ ಅಡ್ಡಿ.

ತಟ್ಟೆ ಹಿಡಿದ ಸುವರ್ಣಕ್ಕ ನಡುವೆ ನಿಂತಿದ್ದರು. ಹಚ್ಚಿದರೆ ಗಲ್ಲಿ ಹೋಗುತ್ತದೆ, ಹಚ್ಚದಿದ್ದರೆ ಟಿಕೆಟ್. ನನ್ನ ಫೋನಿನಲ್ಲಿ ಆಜ್ಞೆಗಳು ಬರುತ್ತಲೇ ಇದ್ದವು: ಹೂಗುಚ್ಛ ಕೊಡಿಸಿ, ಫೋಟೊ ತೆಗೆಯಿರಿ, ನೀರಿನ ಸಮಸ್ಯೆ ಎತ್ತಿಸಿ. ಅತಿಥಿ ವಿಧವೆ ಎಂದು ಬರೆದು ಕಳಿಸಿದೆ. ಬಹಳ ಹೊತ್ತು ಆ ಕಡೆ ಟೈಪಿಂಗ್ ನಡೆಯಿತು. ಕೊನೆಗೆ ಬಂದದ್ದು: "ಹಂಗಾದ್ರ ಈಗ ಏನ್ ಮಾಡೋದ್ರಿ?"

ಓದಿ ಹೇಳೋಣವೆಂದು ತಲೆಯೆತ್ತಿದರೆ ಸುವರ್ಣಕ್ಕ ಅಲ್ಲಿರಲಿಲ್ಲ. ಅಡುಗೆಮನೆಯಿಂದ ದನಿ ಕೇಳಿತು.

"ಅತ್ತಿ, ಹೊರಗ ಬರ್ರಿ."

"ನಾ ಯಾಕವ್ವ? ಶಿರಾ ತಳ ಹತ್ತತದ."

"ಹತ್ತಲಿ."

ಪ್ರತಿ ವರ್ಷ ಈ ದಿನದ ಅಡುಗೆಯೆಲ್ಲ ನೀಲಮ್ಮನದು. ಗಂಡ ತೀರಿಕೊಂಡ ಮೇಲೆ ಪಡಸಾಲೆಗೆ ಅವರು ಬಂದವರಲ್ಲ. ಸೊಸೆ ಕೈಹಿಡಿದು ಕರೆತಂದು ಮೊದಲ ಮಣೆಯ ಮೇಲೆ ಕೂರಿಸಿದಾಗ ಕೈಯಲ್ಲಿ ಇನ್ನೂ ಸೌಟು ಇತ್ತು. ಸುವರ್ಣಕ್ಕ ಅತ್ತೆಯ ಕೆನ್ನೆಗೆ ಅರಿಸಿನ ಹಚ್ಚಿ, ವಿಭೂತಿಯ ಕೆಳಗೆ ಕುಂಕುಮ ಇಟ್ಟರು. ಆಮೇಲೆ ಕಾಕುವಿನ ಕಡೆ ತಿರುಗಿದರು. "ಈ ಮನಿ ಕಟ್ಟಲಿಕ್ಕ ಇಟ್ಟಂಗಿ ಹೊತ್ತಾಕಿ ಇವ್ರು. ಇವ್ರಿಗಿ ಹಚ್ಚದ ನಾ ಯಾರಿಗೂ ಹಚ್ಚಂಗಿಲ್ಲ." ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ, ಅವಸರವಿಲ್ಲದೆ ಹೇಳಿದರು. ನಂತರ ಭರಣಿ ಹಿಡಿದು ಬಾಗಿಲ ಬಳಿಗೆ ಹೋಗಿ, ಹಚ್ಚಲೇ ಎಂದು ಅತಿಥಿಯನ್ನು ಕೇಳಿದರು. ಬಲವಂತ ಮಾಡಲಿಲ್ಲ, ಕೇಳಿದರು. ಆಕೆ ಹಣೆ ಬಾಗಿಸಿದರು.

ಇಬ್ಬರು ಪ್ರಸಾದ ಮುಟ್ಟದೆ ಎದ್ದು ಹೋದರು. ಕಾಕು ಏಳಲಿಲ್ಲ, ಒಪ್ಪಲೂ ಇಲ್ಲ. ಸೀದ ವಾಸನೆ ಬರುತ್ತಿದೆ, ಆ ಶಿರಾ ಯಾರಾದರೂ ನೋಡಿ ಎಂದಷ್ಟೇ ಹೇಳಿದರು. ಉಳಿದವರಿಗೆ ಕೂತೇ ಇರಲು ಅಷ್ಟು ಸಾಕಾಯಿತು.

ಹೊರಡುವಾಗ ನಿರೀಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, ಹೀಗೆ ಮಾಡೆಂದು ಆಕೆಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಹೌದು, ರಿಮೋಟ್ ಹುಡುಕುವವರಲ್ಲಿ ಅವರೂ ಒಬ್ಬರು. ಗಂಡ ಇನ್ನೂ ಟೈಪ್ ಮಾಡುತ್ತಿದ್ದಾರೆ ಎಂದು ಫೋನ್ ತೋರಿಸಿದೆ. ನಗಲಾರದೆ ನಕ್ಕರು. ರಾತ್ರಿಯ ಊಟದ ಹೊತ್ತಿಗೆ ಗುರುಶಾಂತಪ್ಪನವರು ಇದು ತಮ್ಮದೇ ಯೋಜನೆ ಎಂದು ಗೆಳೆಯರಿಗೆ ಫೋನಿನಲ್ಲಿ ವಿವರಿಸುತ್ತಿದ್ದುದು ಮೇಲಿನವರೆಗೂ ಕೇಳಿಸಿತು. ಶುಕ್ರವಾರ ಇದನ್ನೆಲ್ಲ ಕೇಳಿದ ಹಾಗಲಕಾಯಿಯ ಮಿತ್ರ, ಯಾವ ಪ್ರಚಾರ ಕಂಪನಿಯನ್ನು ಹಿಡಿದಿದ್ದಾರೆ ಎಂದು ವಿಚಾರಿಸಿದ.

ಟಿಕೆಟ್ಟಿನ ಪಟ್ಟಿ ಇನ್ನೂ ಬಂದಿಲ್ಲ. ನಿನ್ನೆ ಸುವರ್ಣಕ್ಕ ಮೆಟ್ಟಿಲ ಮೇಲೆ ಸಿಕ್ಕಿ, "ಎರಡ್ ಮನಿ ಕೈಬಿಟ್ವು, ತಂಗಿ" ಎಂದರು. ಬೇಸರವಾಯಿತೇ ಎಂದೆ.

"ಆಗದ ಏನು? ಆದ್ರ ಅತ್ತಿ ಇವತ್ತು ಮುಂಜಾನಿ ಕನ್ನಡಿ ಎಲ್ಲ್ಯದ ಅಂತ ಕೇಳಿದ್ರು."

ಇದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ. ಕುಂಕುಮಕ್ಕೆ ಎಲ್ಲರನ್ನೂ ಕರೆಯುವ ಮನೆ ನಿಮ್ಮ ಬೀದಿಯಲ್ಲಿದ್ದರೆ, ಆ ಮನೆಯಾಕೆ ಎಂದಾದರೂ ಚುನಾವಣೆಗೆ ನಿಂತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಗೆದ್ದಿದ್ದರೆ ಪತ್ರಿಕೆಯಲ್ಲಿ ಬಂದೇ ಇರುತ್ತದೆ. ಸೋತಿದ್ದರೆ ತಪ್ಪದೆ ಬರೆಯಿರಿ. ಅವರ ಲೆಕ್ಕ ಇಟ್ಟವರು ಯಾರೂ ನನಗೆ ಇನ್ನೂ ಸಿಕ್ಕಿಲ್ಲ.