ಅಕ್ಕನ ಅಡಿಗೆಮನೆಯ ಗೋಡೆ

…ಎಮ್ಮೆ ಎಂದು ಈಗ ಹೇಳುತ್ತೇನೆ, ಆದರೆ ಅದು ಎಮ್ಮೆಯೇ ಆಗಿತ್ತೆಂದು ಆಣೆ ಮಾಡಲಾರೆ. ಗೋಡೆಯ ಎಡಗಡೆ, ನೀರಿನ ಹಂಡೆಯ ಮೇಲ್ಗಡೆ, ಕೊಂಬನ್ನು ಹಿಂದಕ್ಕೆ ಬಾಗಿಸಿಕೊಂಡು ಏನೋ ಒಂದು ಮಲಗಿತ್ತು. ಅದರ ಬೆನ್ನ ಮೇಲೆ ಹಕ್ಕಿಯೊಂದು ಕೂತಿತ್ತೆಂದು ನೆನಪು. ಹಕ್ಕಿಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಇಷ್ಟು ವರ್ಷ ತಲೆಯೊಳಗೆ ಇಟ್ಟುಕೊಂಡ ಚಿತ್ರ ಇಟ್ಟ ಹಾಗೆ ಉಳಿಯುತ್ತದೆಂದು ನನಗೆ ನಂಬಿಕೆಯಿಲ್ಲ.

ಇದನ್ನೆಲ್ಲ ಕೆದಕಿದ್ದು ಒದ್ದೆ ಸುಣ್ಣದ ವಾಸನೆ. ಕಳೆದ ತಿಂಗಳ ಮಳೆಗೆ ಆಂಡರ್ಸನ್‌ಪೇಟೆಯ ನಮ್ಮ ಬಾಡಿಗೆ ಮನೆಯ ಗೋಡೆ ನೀರು ಕುಡಿದು ಉಬ್ಬಿಕೊಂಡಿತು. ಮನೆ ಮಾಲೀಕರಿಗೆ ಫೋನ್ ಮಾಡಬೇಕಾದವಳು ಆ ತೇವದ ಮಚ್ಚೆಯ ಎದುರು ಸುಮ್ಮನೆ ನಿಂತುಬಿಟ್ಟೆ. ಇದು ಏನಾಗಬಹುದು ಎಂದು ನೋಡುತ್ತಿದ್ದೆ. ಹಾಗೆ ನೋಡುವ ಅಭ್ಯಾಸ ನನಗೆ ಅಂಟಿದ್ದು ನಂದಿದುರ್ಗ ಗಣಿಯ ಲೈನಿನಲ್ಲಿ, ಆ ಸಾಲುಮನೆಗಳಲ್ಲಿ, ಪಕ್ಕದ ಮನೆಯಲ್ಲಿದ್ದ ಅಕ್ಕನಿಂದ.

ಚಿನ್ನದ ಗಣಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ ನಾನು ಮದುವೆಯಾಗಿ ಆ ಲೈನಿಗೆ ಬಂದದ್ದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಕ್ಕನ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ನಾನು ಸೀನುತ್ತಿದ್ದೆ. ಅಕ್ಕ ಬಂಗಾರಪೇಟೆ ಹತ್ತಿರದ ಹಳ್ಳಿಯವರು. ಅವರ ಯಜಮಾನರನ್ನು ನಾನು ಭಾವ ಎನ್ನುತ್ತಿದ್ದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಒಬ್ಬಳೇ ಮಗಳು.

ಅಕ್ಕ ಚಿತ್ರ ಬರೆಯುತ್ತಿದ್ದದ್ದು ಅಡಿಗೆಮನೆಯ ಗೋಡೆಯ ಮೇಲೆ. ಖಾಲಿ ಜಾಗದಲ್ಲಿ ಅವರು ಏನನ್ನೂ ಬರೆದವರಲ್ಲ. ಮೊದಲು ಗೋಡೆಯ ಮೇಲೆ ಏನಾದರೂ ಆಗಬೇಕಿತ್ತು. ಸೀಮೆಎಣ್ಣೆ ಸ್ಟವ್ವಿನ ಮಸಿ ಹತ್ತಬೇಕು, ಸಾರು ಸಿಡಿಯಬೇಕು, ಮಳೆಗೆ ತೇವ ಏರಬೇಕು. ಭಾವ ಮೊದಲ ಪಾಳಿಗೆ ಹೊರಟ ಮೇಲೆ ಅಕ್ಕ ಕಾಫಿ ಲೋಟ ಹಿಡಿದು ಅದರೆದುರು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಕೆಲವೊಮ್ಮೆ ವಾರಗಟ್ಟಲೆ ಬರೀ ಕೂರುವುದೇ. ಆಮೇಲೆ ಒಂದು ದಿನ ಕೆಮ್ಮಣ್ಣು, ಇದ್ದಿಲು, ಅರಿಶಿನ, ಬಟ್ಟೆಗೆ ಹಾಕುವ ನೀಲಿ ಇವುಗಳನ್ನು ಗೋಂದಿನ ನೀರಲ್ಲಿ ಕಲಸಿ, ಜಗಿದ ಬೇವಿನ ಕಡ್ಡಿಯಲ್ಲಿ ಆ ಮಸಿಯ ಸುತ್ತ ಗೆರೆ ಎಳೆಯುತ್ತಿದ್ದರು. ಗಣಿಯ ಕಸದ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದಿಂದ ಗಾಳಿಗೆ ಬಂದು ಕಿಟಕಿಯಲ್ಲಿ ಕೂರುತ್ತಿದ್ದ ಬೂದು ಧೂಳನ್ನೂ ಬೆರೆಸುತ್ತಿದ್ದರೇ? ಬೆರೆಸುತ್ತಿದ್ದರು ಎಂದು ಬರೆಯಲು ಕೈ ತುರಿಸುತ್ತದೆ… ಆದರೆ ನಾನು ನೋಡಿಲ್ಲ.

ಒಮ್ಮೆ ನಾನು ಸಕ್ಕರೆ ಕೇಳಲು ಹೋದಾಗ ಅವರ ಹಾಲು ಉಕ್ಕಿ ಗೋಡೆಗೆಲ್ಲ ಹಾರಿತು. ಬಟ್ಟೆ ತೆಗೆದುಕೊಂಡು ಓಡಿದೆ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡರು.

“ಒರೆಸ್ಬೇಡ ತಡಿಯಮ್ಮ. ಒಣಗ್ಲಿ. ಅದೇನ್ ಏಳ್ತೈತೋ ನೋಡಾಣ.”

ಸಂಕ್ರಾಂತಿ ಬಂದರೆ ಲೈನಿನ ಮನೆಗಳೆಲ್ಲ ಸುಣ್ಣ ಬಳಿಸಿಕೊಳ್ಳುತ್ತಿದ್ದವು. ಅಕ್ಕನ ಮನೆಗೂ ಸುಣ್ಣ ಆಗುತ್ತಿತ್ತು, ಆ ಒಂದು ಗೋಡೆ ಬಿಟ್ಟು. ಹಬ್ಬಕ್ಕೂ ಮುಖ ತೊಳೆಯದ ಗೋಡೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಭಾವನಿಗೆ ಅದರಿಂದ ಬೇಜಾರಿರಲಿಲ್ಲ. “ನಮ್ಮನೇಲಿ ಸಾರು ಉಕ್ಕಿದ್ರೆ ಬೈಯಂಗಿಲ್ಲ ಕಣಮ್ಮ. ಉಕ್ಕಿದ್ದೆಲ್ಲ ಆನೆ ಆಗ್ತೈತೆ” ಎಂದು ನನ್ನೆದುರು ನಗುತ್ತಿದ್ದರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಕ್ಕ ಅದರ ಓಡಾಟದಲ್ಲಿ ತವರಿಗೆ ಹೋಗಿದ್ದರು. ಸುಣ್ಣದವನನ್ನು ಭಾವ ಕರೆಸಿದರು. ಅವನು ಅಡಿಗೆಮನೆಯಲ್ಲಿ ನಿಂತು, “ಸಾರ್, ಪಡಂ ಇರುಕ್ಕೇ… ಇದುಕ್ಕು ಮೇಲೆಯಾ?” ಎಂದು ಕೇಳಿದ. ಚಿತ್ರ ಇದೆಯಲ್ಲ, ಇದರ ಮೇಲೆಯೂ ಬಳಿಯಬೇಕೇ ಎಂದು. ಭಾವ ಹೂಂ ಎಂದರು. ಇದನ್ನು ಗೋಡೆಯಾಚೆಯಿಂದ ನಾನೇ ಕೇಳಿದೆನೋ, ಆಮೇಲೆ ಆ ಸುಣ್ಣದವನು ಹೇಳಿದ್ದನ್ನು ಕೇಳಿದಂತೆ ಅನ್ನಿಸುತ್ತಿದೆಯೋ, ಈಗ ಬೇರ್ಪಡಿಸಲಾರೆ.

ಅಕ್ಕ ವಾಪಸು ಬಂದಾಗ ಗೋಡೆ ಬೆಳ್ಳಗಿತ್ತು. ಅದಕ್ಕೆ ಒರಗಿಸಿ ಒಂದು ದೊಡ್ಡ ಕ್ಯಾನ್ವಾಸು, ಕೆಳಗೆ ಬಣ್ಣದ ಟ್ಯೂಬುಗಳ ಪೆಟ್ಟಿಗೆ. ಭಾವ ರಜೆ ಹಾಕಿ ಬೆಂಗಳೂರಿಗೆ ಹೋಗಿ ತಂದಿದ್ದರು, ರೈಲಿನ ನೂಕುನುಗ್ಗಲಲ್ಲಿ ಅದಕ್ಕೆ ಪೆಟ್ಟಾಗದಂತೆ ತಲೆಯ ಮೇಲೆ ಹಿಡಿದುಕೊಂಡು. ನೋಡಲಿ ಎಂದು ನನ್ನನ್ನೂ ಕರೆದಿದ್ದರು.

“ಇನ್ಮೇಲೆ ಗೋಡೆ ಮ್ಯಾಗೆ ಯಾಕೆ? ಇದ್ರ ಮ್ಯಾಗೆ ಬರಿ” ಎಂದರು.

ಅಕ್ಕ ಚೆನ್ನಾಗೈತೆ ಎಂದರು. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು. ಅಷ್ಟೇ.

ಮಗಳ ಮದುವೆ ನಿಶ್ಚಯವಾಗಿ, ಮುಗಿದೂ ಹೋಯಿತು. ಕ್ಯಾನ್ವಾಸು ಹಾಗೆಯೇ ಇತ್ತು. ಒಂದು ಬೆಳಿಗ್ಗೆ ಅಕ್ಕ ಅದರೆದುರು ಕೂತಿದ್ದರು. ನನ್ನನ್ನು ಕಂಡು ಹೇಳಿದರು: “ಇದ್ರಾಗೆ ಏನೂ ಇಲ್ವಲ್ಲಮ್ಮ. ನಾನು ಎಲ್ಲಿಂದ ಗೆರೆ ಎಳೀಲಿ?”

ಆಮೇಲೆ ಅವರು ಅದನ್ನು ಒಲೆಯ ಪಕ್ಕಕ್ಕೇ ಇಟ್ಟರು. ಹೊಗೆ ತಾಗಲಿ, ಸಾರು ಸಿಡಿಯಲಿ ಎಂದು. ಅದನ್ನು ಕಂಡ ಭಾವ ಗಾಬರಿಯಾದರು. ಒಳ್ಳೆ ಸಾಮಾನು ಹಾಳಾಗುತ್ತದೆಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟರು. ಮುಂದಿನ ಹಬ್ಬಕ್ಕೆ, ಅಕ್ಕನಿಗೆ ಒರೆಸಲು ಸುಲಭವಾಗಲೆಂದು ಅಡಿಗೆಮನೆಗೆ ಎಣ್ಣೆ ಬಣ್ಣ ಹೊಡೆಸಿದರು. ಒದ್ದೆ ಬಟ್ಟೆ ಆಡಿಸಿದರೆ ಸಾಕು, ಆ ಗೋಡೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಒಂದೊಂದನ್ನೂ ಪ್ರೀತಿಯಿಂದಲೇ ಮಾಡಿದರು.

ಅಕ್ಕ ಮತ್ತೆ ಬರೆದದ್ದನ್ನು ನಾನು ನೋಡಲಿಲ್ಲ. ಬೆಳಗಿನ ಹೊತ್ತು ಹೋದರೆ ಅವರು ಹೊರಗೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿರುತ್ತಿದ್ದರು, ಅಡಿಗೆಮನೆಗೆ ಬೆನ್ನು ಹಾಕಿ. ಅಥವಾ ಬೆನ್ನು ಹಾಕಿ ಎನ್ನುವುದು ನಾನು ಕಥೆಗಾಗಿ ಕೂರಿಸಿದ ಭಂಗಿಯೋ… ಜಗಲಿ ಇದ್ದದ್ದೇ ಹಾಗೆ. ಅಲ್ಲಿ ಕೂತ ಯಾರೂ ಒಳಗಡೆ ಮುಖ ಮಾಡುತ್ತಿರಲಿಲ್ಲ.

ನಾವು ಮನೆ ಬದಲಾಯಿಸಿದೆವು. ಅಕ್ಕ ತೀರಿಹೋದ ಸುದ್ದಿ ತಡವಾಗಿ ತಿಳಿಯಿತು. ಈ ಮಳೆಯ ಮಚ್ಚೆ ಕಂಡ ಮೇಲೆ ಮನಸ್ಸು ನಿಲ್ಲದೆ, ಹೋದ ಭಾನುವಾರ ಬಂಗಾರಪೇಟೆಗೆ ರೈಲು ಹತ್ತಿದೆ. ಭಾವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಗೋಡೆಯ ಮಾತು ಬಂತು. ಎಡಗಡೆ ಇದ್ದದ್ದು ಎಮ್ಮೆಯಲ್ಲ, ಬಂಡೆ ಎಂದಳು ಮಗಳು. ಭಾವನಿಗೆ ನೆನಪಿರುವುದು ಆನೆ ಮಾತ್ರ. ಫೋಟೊ ಯಾರ ಹತ್ತಿರವೂ ಇಲ್ಲ. ಮೂವರೂ ನಮ್ಮ ನಮ್ಮ ಗೋಡೆಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಜಗಳವಾಡಿ ನಕ್ಕೆವು.

ಮಗಳು ಕಾಫಿ ಮಾಡಲು ಒಳಗೆ ಹೋದಾಗ ಭಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಅಷ್ಟು ಚೆಂದದ ಬಟ್ಟೆ, ಬಣ್ಣ ಎಲ್ಲಾ ತಂದ್ಕೊಟ್ಟೆ ಕಣಮ್ಮ. ಆಮ್ಯಾಕೆ ಅವಳು ಬರೀಲೇ ಇಲ್ಲ. ನಿನ್ ತಾವ ಏನಾನ ಏಳಿದ್ಲಾ?”

ಇಲ್ಲ ಭಾವ, ಏನೂ ಹೇಳಲಿಲ್ಲ ಎಂದೆ.

ಖಾಲಿ ಕ್ಯಾನ್ವಾಸಿನ ಎದುರು ಕೂತು ನನಗೆ ಹೇಳಿದ ಆ ಒಂದು ಮಾತನ್ನು ಅಕ್ಕ ಭಾವನಿಗೆ ಹೇಳಬಹುದಿತ್ತು. ಹೇಳಿದ್ದರೆ ಆ ಮನುಷ್ಯ ಮಾರನೆಯ ದಿನವೇ ಎಣ್ಣೆ ಬಣ್ಣ ಕೆರೆದು ಹಾಕುತ್ತಿದ್ದರು. ಇದು ಅಕ್ಕನಿಗೂ ಗೊತ್ತಿದ್ದಿರಬೇಕು. ಯಾಕೆ ಹೇಳಲಿಲ್ಲವೋ, ನನಗೆ ಗೊತ್ತಿಲ್ಲ.