ಅಪ್ಪನ ಸ್ಕೂಟರಿನ ಹಿಂದಿನ ಸೀಟು

ಸಿಕಂದರಾಬಾದಿನ ನನ್ನ ಬಾಡಿಗೆ ಕೋಣೆಗೆ ಸುಣ್ಣ-ಬಣ್ಣ ನಡೆದಿತ್ತು. ಹಾಗಾಗಿ ಒಂದು ವಾರ ಕಾಚಿಗೂಡದಲ್ಲಿ ಅಪ್ಪ-ಅವ್ವನ ಜೊತೆ ಇದ್ದೆ. ಹಬ್ಬಕ್ಕೆ ಬಂದು ಉಂಡು ಹೋಗುವುದು ಬೇರೆ, ನಿವೃತ್ತರಾದ ಇಬ್ಬರ ನಡುವೆ ಸೋಮವಾರದಿಂದ ಶನಿವಾರದ ತನಕ ಬದುಕುವುದು ಬೇರೆ. ನಾನು ಕಾಲೇಜು ಮುಗಿಯುವವರೆಗೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು, ಈಗ ಅದನ್ನೇ ಮಕ್ಕಳಿಗೆ ಕಲಿಸುವವಳು. ಎಲ್ಲಿ ಜಗಳ ಕೇಳಿದರೂ ಯಾರ ವಾದ ಎಲ್ಲಿ ಸೋರುತ್ತಿದೆ ಎಂದು ಕಿವಿ ತಾನಾಗಿ ಹುಡುಕುತ್ತದೆ.

ಈ ಇಬ್ಬರ ಜಗಳದಲ್ಲಿ ಸೋರದ ವಾದವೇ ಇರಲಿಲ್ಲ. ಸೋಮವಾರದ ವಿಷಯ ಫ್ಯಾನು. ಅಪ್ಪನಿಗೆ ಮೂರರಲ್ಲಿ ತಿರುಗಬೇಕು, ಅವ್ವನಿಗೆ ಎರಡರಲ್ಲಿ.

"ಮೂರಕ್ಕ ಇಟ್ರ ಪೇಪರ್ ಹಾರತೈತ್ರಿ."

"ಓದಾವ ನಾನು. ಹಾರಿದ್ರ ನಂದು ಹಾರತೈತಿ. ನಿಂದೇನು ಹೋಗತೈತಿ, ಟೀಚರಮ್ಮ?"

"ಹಾರಿ ಬಂದು ನನ್ನ ಸಾರಿನ್ಯಾಗ ಬೀಳತೈತಲ್ಲ."

ಅಪ್ಪ ಸರಕಾರಿ ಕಚೇರಿಯ ಹೆಡ್ ಕ್ಲರ್ಕ್ ಆಗಿದ್ದವನು, ಅವ್ವ ಗಣಿತದ ಟೀಚರು. ಇಬ್ಬರಿಗೂ ಕೊನೆಯ ಮಾತು ತಮ್ಮದೇ ಆಗಿ ರೂಢಿ. ಆದರೂ ದಿನಾ ಹನ್ನೊಂದಕ್ಕೆ ಕದನ ವಿರಾಮ. ಅಪ್ಪ ಹಳೆಯ ಸ್ಕೂಟರ್ ತೆಗೆಯುತ್ತಿದ್ದ, ಅವ್ವ ಚೀಲ ಹಿಡಿದು ಹಿಂದೆ ಕೂಡುತ್ತಿದ್ದಳು. ಒಂದು ಸೌತೆಕಾಯಿ ತರಲಿಕ್ಕೂ ಇಬ್ಬರೂ ಹೋಗಬೇಕು. ಬಾಲ್ಕನಿಯಿಂದ ನೋಡಿದರೆ ಅವ್ವ ಅವನ ಭುಜ ತಟ್ಟುತ್ತಲೇ ಇರುವುದು ಕಾಣುತ್ತಿತ್ತು. ಬೈಯುವುದು ಬೀದಿಯಲ್ಲೂ ಬಿಡಲಿಲ್ಲ ಎಂದುಕೊಂಡೆ.

ಬುಧವಾರ ಅವ್ವನಿಗೆ ನೆಗಡಿ. ಬೇಗಂ ಬಜಾರಿನಿಂದ ಜೋಳ, ಒಣಮೆಣಸಿನಕಾಯಿ ತರುವುದಿತ್ತು. "ನಾ ಹೋಗತೀನಿ ಅಪ್ಪನ ಜೊತಿ," ಅಂದೆ. ಅವ್ವ ಏನೋ ಹೇಳಲು ಬಾಯಿ ತೆರೆದಳು, ಸೀನು ಬಂತು. ಅಷ್ಟರಲ್ಲಿ ನಾವು ಮೆಟ್ಟಿಲು ಇಳಿದಿದ್ದೆವು.

ಬಜಾರಿನ ಹತ್ತಿರದ ಒಂದು ತಿರುವಿನಲ್ಲಿ ಅಪ್ಪ ಗಾಡಿ ನಿಲ್ಲಿಸಿದ. ಹಿಂದೆ ಹಾರ್ನ್ ಮೇಲೆ ಹಾರ್ನ್. ಅವನು ಏನನ್ನೋ ಕಾಯುವವನಂತೆ ಎರಡು ಗಳಿಗೆ ನಿಂತು, ಆಮೇಲೆ ನಿಶ್ಚಿಂತೆಯಿಂದ ಮುಂದೆ ಬಿಟ್ಟ. ಬಲಗಡೆಯಿಂದ ಸ್ಟೀಲ್ ಕೊಡ ಹೇರಿದ ಕೈಗಾಡಿ ಬರುತ್ತಿತ್ತು. ಅದು ನನಗೆ ಕಾಣುತ್ತಿತ್ತು. ಅವನಿಗೂ ಕಾಣುತ್ತಿದೆ ಎಂದು ತಿಳಿದಿದ್ದೆ. ನಾನು ಚೀರುವುದಕ್ಕೂ ಮುಂದಿನ ಚಕ್ರ ಕೈಗಾಡಿಗೆ ತಾಗುವುದಕ್ಕೂ ಸರಿಹೋಯಿತು. ಎರಡು ಕೊಡ ಉರುಳಿದವು.

"ದಿಖತಾ ನೈ ಕ್ಯಾ, ಚಚಾ?" ಎಂದು ಗಾಡಿಯವನು ಬೈದ.

ಕಣ್ಣು ಕಾಣುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅಪ್ಪ ಅವನ ಇಡೀ ವಂಶಕ್ಕೆ ಉತ್ತರ ಕೊಡುವ ಮನುಷ್ಯ. ಅವತ್ತು ಸುಮ್ಮನೆ ಬಗ್ಗಿ ಕೊಡ ಎತ್ತಿಕೊಟ್ಟ. ನನ್ನ ಕಡೆ ತಿರುಗಿ ಮೆಲ್ಲಗೆ, "ನೀ ತಟ್ಟಲಿಲ್ಲವಾ," ಅಂದ.

"ಏನ್ ತಟ್ಟಬೇಕಿತ್ತು?"

"ಬಲಗಡಿಂದ ಏನರ ಬಂದ್ರ ನಿಮ್ಮವ್ವ ಎರಡು ಸಲ ತಟ್ಟತಾಳ. ಸುಮ್ಮನಿದ್ರ ಹಾದಿ ಖಾಲಿ ಅಂತ. ಹಿಂದ ಕುಂತಾಕಿ ನೀನು ಅನ್ನೂದ ಮರತೆ."

ಬಲಗಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತಂತೆ. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ನನ್ನ ವಿದ್ಯೆಯೆಲ್ಲ ತೆಗೆದೆ. ಅವನ ಜೀವಕ್ಕೆ ಅಪಾಯ, ರಸ್ತೆಯಲ್ಲಿ ಹೋಗುವವರ ಜೀವಕ್ಕೂ ಅಪಾಯ, ಪೊರೆಯೆಂಬುದು ಆಪರೇಶನ್‌ನಿಂದ ಹೋಗುವಂಥದ್ದು. ಎಲ್ಲಿಯೂ ಸಂದು ಬಿಡಲಿಲ್ಲ. ಅಪ್ಪ ಪೂರ್ತಿ ಕೇಳಿ, "ಆತು, ನೀನ ಗೆದ್ದಿ," ಅಂದ. ಬಟ್ಟೆ ತಗೊಂಡು ಕೆಳಗೆ ಹೋಗಿ ಸ್ಕೂಟರ್ ಒರೆಸತೊಡಗಿದ. ಗೆದ್ದು ಇಷ್ಟು ಪೆದ್ದಿಯಾದದ್ದು ಅದೇ ಮೊದಲು.

ಸಿಟ್ಟು ಅವ್ವನ ಮೇಲೆ ತಿರುಗಿತು. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಗಣಿತ ಕಲಿಸಿದಾಕಿ ನೀನು. ಒಂದು ಕಣ್ಣಿಗೆ ಒಂದು ಕೈ ಕೂಡಿಸಿದ್ರ ಎರಡು ಕಣ್ಣು ಆಗತೈತೇನು?"

"ಇಷ್ಟು ದಿನ ಏನೂ ಆಗಿಲ್ಲಲ್ಲ."

"ಆಗಿಲ್ಲ ಅನ್ನೂದು ಪುರಾವೆ ಅಲ್ಲವ್ವ."

"ಏ ಭಾಷಣದಾಕಿ, ಕೇಳಿಲ್ಲೆ. ರಿಟೈರಾದ ಮ್ಯಾಲ ಮೂರು ತಿಂಗಳು ಗಡ್ಡ ಬಿಟ್ಕೊಂಡು ಆ ಕುರ್ಚ್ಯಾಗ ಕುಂತಿದ್ರು, ನೀ ನೋಡಿಲ್ಲ. ಎಬ್ಬಿಸಿದ್ದು ಆ ಗಾಡಿ. ಆಪರೇಶನ್ ಅಂದ್ರ ಭಾಳ ಅಂಜತಾರ. ಗಾಡಿನೂ ಬಿಡ್ರಿ ಅಂದ್ರ ಮತ್ತ ಕುರ್ಚಿನ."

"ಇವತ್ತು ಕೈಗಾಡಿ ಬದಲಿ ಬಸ್ ಬಂದಿದ್ರ?" ಎಂದಷ್ಟೇ ಕೇಳಿದೆ. ಅದು ವಾದವಲ್ಲ, ಹೆದರಿಕೆ. ಅವ್ವನ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು.

ಗುರುವಾರ ಹನ್ನೊಂದಕ್ಕೆ ಅಪ್ಪ ಚಾವಿ ತಗೊಂಡು ಕಾಯುತ್ತ ನಿಂತ.

"ನಾ ಕೂಡಂಗಿಲ್ರಿ," ಅಂದಳು ಅವ್ವ.

"ನೆಗಡಿ ಇನ್ನೂ ಹೋಗಿಲ್ಲೇನು?"

"ನೆಗಡಿ ಹೋಗೈತಿ. ಕಣ್ಣು ತೋರಿಸೂತನಕಾ ಕೂಡಂಗಿಲ್ಲ."

"ಹಂಗಾರ ನಾ ಒಬ್ಬಾವನ ಹೋಗತೀನಿ."

"ಹೋಗ್ರಿ."

ಅವನು ಹೋದ. ಕೆಳಗೆ ಎಂಜಿನ್ ಶುರುವಾಯಿತು. ನಾವಿಬ್ಬರೂ ಬಾಲ್ಕನಿಗೆ ಹೋಗದೆ ಅಡಿಗೆಮನೆಯಲ್ಲೇ ನಿಂತು ಕಿವಿಗೊಟ್ಟೆವು. ಶಬ್ದ ದೂರ ಹೋಗಲಿಲ್ಲ, ಅಲ್ಲೇ ನಿಂತಿತು. ಅಪ್ಪ ಮೇಲೆ ಬಂದು, "ಪೆಟ್ರೋಲ್ ಕಡಿಮಿ ಐತಿ," ಅಂದ. ಹಿಂದಿನ ದಿನವೇ ನನ್ನ ಕಣ್ಣೆದುರು ತುಂಬಿಸಿದ್ದ. ಕೈಗೆ ಬಂದ ಪುರಾವೆಯನ್ನು ಅವತ್ತು ಬಿಟ್ಟುಕೊಟ್ಟೆ.

ಶುಕ್ರವಾರ ಅವನು ಕುರ್ಚಿಯಲ್ಲೇ ಕೂತ. ಹೇಳಿಸಿಕೊಳ್ಳದೆ ತಾನೇ ಫ್ಯಾನು ಎರಡಕ್ಕೆ ಇಟ್ಟ. ಅವ್ವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೂರಕ್ಕೆ ತಿರುವಿ, "ಹಾರಲಿ ಬಿಡ್ರಿ ಪೇಪರ್," ಅಂದಳು. ಆದರೂ ಕೂಡುತ್ತೇನೆ ಎನ್ನಲಿಲ್ಲ. ಅದರ ಕಷ್ಟ ಅವಳ ಮುಖದಲ್ಲಿತ್ತು.

ಶನಿವಾರ ಅಪ್ಪ ಗಡ್ಡ ಮಾಡಿಕೊಂಡು ಬಂದು, "ಯಾವ ದವಾಖಾನಿ?" ಎಂದು ಕೇಳಿದ.

ಆಟೋದಲ್ಲಿ ಮೂವರೂ ಹೋದೆವು. ಎಷ್ಟು ದಿನದಿಂದ ಮಸುಕು ಎಂದು ಡಾಕ್ಟರ್ ಅಪ್ಪನನ್ನು ಕೇಳಿದರೆ ಅವ್ವ, "ಹದಿನಾಲ್ಕು ತಿಂಗಳು," ಅಂದಳು. ಕಣ್ಣು ಯಾರದಮ್ಮಾ ಎಂದು ಡಾಕ್ಟರ್ ತೆಲುಗಿನಲ್ಲಿ ಕೇಳಿ ನಕ್ಕರು. ಆಪರೇಶನ್ ಮಾಡಿದರೆ ಕಣ್ಣು ಬರುತ್ತದೆ, ಗಾಡಿಯ ಮಾತು ಆಮೇಲೆ ಎಂದರು. ಕೌಂಟರಿನಲ್ಲಿ ಮುಂದಿನ ಗುರುವಾರದ ದಿನ ಕೊಟ್ಟರು.

ಅಪ್ಪನ ಮುಖ ಅರಳಿತು. ಕಿಸೆಯಿಂದ ಪುಟ್ಟ ಕ್ಯಾಲೆಂಡರ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದು, "ಗುರುವಾರ ಅಮಾಸಿ ಐತಿ. ನಿಮ್ಮವ್ವ ಒಪ್ಪೂದಿಲ್ಲ," ಅಂದ.

ಸರಿಯಾಗಿ ಹೇಳಿದ್ದ. ಅಮಾವಾಸ್ಯೆಯ ದಿನ ಅವ್ವ ಹೊಸ ಕಸಬರಿಗೆಯನ್ನೂ ಮನೆಯೊಳಗೆ ತರುವವಳಲ್ಲ. ನಾನು ಸಿಕಂದರಾಬಾದಿಗೆ ಹೋಗುವಾಗ ಅಮಾವಾಸ್ಯೆ ಕಳೆಯಲೆಂದು ಎರಡು ದಿನ ಸಾಮಾನು ಕಟ್ಟಿಸಿ ಕೂರಿಸಿದವಳು. ಆ ವಾದದಲ್ಲಿ ನಾನು ಸೋತಿದ್ದೆ. ಚಂದ್ರನಿಗೂ ಕಣ್ಣಿನ ಪೊರೆಗೂ ಏನು ಸಂಬಂಧ ಎಂದು ಶುರುಮಾಡಲು ಉಸಿರೆಳೆದುಕೊಂಡೆ.

ಅವ್ವ ಅವನ ಕೈಯಿಂದ ಕ್ಯಾಲೆಂಡರ್ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು. "ಗುರುವಾರಮೇ ರಾಯಂಡಿ," ಎಂದು ಕೌಂಟರಿನವಳಿಗೆ ಹೇಳಿದಳು. ಗುರುವಾರವೇ ಬರೆದುಕೊಳ್ಳಿ.

"ಏ, ಅಮಾಸಿ..."

"ಅದನ್ನ ನಾ ನೋಡ್ಕೋತೀನಿ. ನೀವು ಸಹಿ ಮಾಡ್ರಿ."

ಅಪ್ಪ ಪೆನ್ನು ಹಿಡಿದು ಕಾಗದದ ಮೇಲೆ ಬಗ್ಗಿದ. "ಎಲ್ಲೆ?" ಎಂದು ಕೇಳಿದ. ಅವ್ವ ಜಾಗಕ್ಕೆ ಬೆರಳಿಟ್ಟಳು. ಅವನು ಬರೆದು ಮುಗಿಸುವ ತನಕ ತೆಗೆಯಲಿಲ್ಲ.