ಉಮ್ಮರ್ ಕಾಕನ ಊರು

ಒಂದು ಕಾಲದಲ್ಲಿ ಪುಂಜಾಲಕಟ್ಟೆಯನ್ನು ಒಬ್ಬ ಚಕ್ರವರ್ತಿ ಆಳುತ್ತಿದ್ದ. ಕುಂಟುವ ಮರದ ಸ್ಟೂಲು ಅವನ ಸಿಂಹಾಸನ, ತಲೆಗೆ ಸುತ್ತಿದ ಬೈರಾಸು ಕಿರೀಟ, ಸದಾ ಹಬೆ ಉಗುಳುವ ಹಿತ್ತಾಳೆಯ ಬಾಯ್ಲರು ಪಟ್ಟದಾನೆ. ಹೆಸರು ಉಮ್ಮರ್. ಬೆಳ್ತಂಗಡಿ ಬಸ್ಸಿಗೆ ಕಾಯುವವರೆಲ್ಲ ಅವನ ಪ್ರಜೆಗಳು. ಎರಡು ಲೋಟಗಳ ನಡುವೆ ಅವನು ಚಾದ ಸೇತುವೆ ಕಟ್ಟುತ್ತಿರುವಾಗ ಡ್ರೈವರನಿಗೆ ಬಸ್ಸು ಹೊರಡಿಸುವ ಧೈರ್ಯವಿರಲಿಲ್ಲ.

ಮೀಸೆ ಮೂಡುವ ಮೊದಲೇ ಪಯ್ಯನ್ನೂರಿನಿಂದ ಬಂದವನು. ಅವನ ಹಿಂದೆಯೇ ಬಂದ ಬೀಡಿಯವರು, ಕೊಡೆ ರಿಪೇರಿಯವರು, ದರ್ಜಿಗಳು ಸೇರಿ ಅಲ್ಲೊಂದು ಅಂಗಡಿಸಾಲು ಎದ್ದಿತು. ಜನ ಅದಕ್ಕೆ ಮಲೆಯಾಳಿ ಸಾಲು ಎಂದರು. ಆಗ ಪಯ್ಯನ್ನೂರೂ ಪುಂಜಾಲಕಟ್ಟೆಯೂ ಮದರಾಸಿಗೇ ಸೇರಿದ್ದವು. ಐವತ್ತಾರರಲ್ಲಿ ಯಾರೋ ದೊಡ್ಡವರು ನಕಾಶೆಯ ಮೇಲೆ ಎರಡೂ ಊರುಗಳ ನಡುವೆ ಗೆರೆ ಎಳೆದರು. ಉಮ್ಮರ್ ಸ್ಟೂಲಿನಿಂದ ಏಳದೆಯೇ ಪರರಾಜ್ಯದವನಾದ. ಅವನಿಗೆ ಅದು ಗೊತ್ತೂ ಆಗಲಿಲ್ಲ. ಹಾಲು ಉಕ್ಕುತ್ತಿತ್ತು, ಆ ಕಡೆ ನೋಡುತ್ತಿದ್ದ.

ಮರುವರ್ಷ ಫ್ಲೂ ಜ್ವರ ಹಡಗು ಹತ್ತಿ ದೇಶಕ್ಕೆ ಬಂತು, ಬಸ್ಸು ಹತ್ತಿ ಪುಂಜಾಲಕಟ್ಟೆಗೂ ಬಂತು. ಅಂಗಡಿಗಳನ್ನು ಮುಚ್ಚಬೇಕೆಂದು ಡಂಗುರವಾಯಿತು. ಮನೆಮನೆಯಲ್ಲಿ ಜನ ಚಾಪೆ ಹಿಡಿದರು. ಉಮ್ಮರನ ಹೆಂಡತಿ ಜುಲೈಕಾ, ಮುಂಡಾಜೆಯ ಹೆಣ್ಣು, ಹೋಟೆಲಿನ ಅಕ್ಕಿಯನ್ನೆಲ್ಲ ಗಂಜಿ ಮಾಡಿ ಸಾಲಿನ ಬಾಗಿಲು ಬಾಗಿಲಿಗೆ ಹೊತ್ತಳು. ಎದುರಿನ ಜಿನಸಿ ಅಂಗಡಿಯ ಧರ್ಣಪ್ಪ ಹಾಸಿಗೆ ಬಿಟ್ಟು ಎದ್ದದ್ದು ಆ ಗಂಜಿಯಿಂದಲೇ. ಜ್ವರ ಇಳಿಯುವ ಹೊತ್ತಿಗೆ ಚಕ್ರವರ್ತಿಯ ಉಗ್ರಾಣದಲ್ಲಿ ಖಾಲಿ ಗೋಣಿಗಳು ಮಾತ್ರ ಉಳಿದವು.

ಬಾಗಿಲು ಮುಚ್ಚಿದ ವ್ಯಾಪಾರಿಗಳಿಗೆ ಮತ್ತೆ ಶುರುಮಾಡಲು ಸರ್ಕಾರ ಅಕ್ಕಿ ಸಕ್ಕರೆ ಕೊಡುತ್ತದೆಂಬ ಸುದ್ದಿ ಆಗ ಬಂತು. ಅದು ಸಿಕ್ಕಿದರೆ ಬಾಯ್ಲರಿಗೆ ಬೆಂಕಿ, ಇಲ್ಲದಿದ್ದರೆ ಇಲ್ಲ. ಹಂಚಲು ಬಂದ ಸಾಹೇಬರು ಘಟ್ಟದ ಮೇಲಿನವರು, ತುಳು ಬಾರದವರು. ಶಾಲೆಯ ಜಗಲಿಯಲ್ಲಿ ಕುಳಿತು ಒಬ್ಬೊಬ್ಬರನ್ನೇ ಕೇಳಿದರು. “ಊರು ಯಾವುದು?”

ಈ ಕಡೆ ಯಾರನ್ನಾದರೂ ಊರು ಕೇಳಿ, ಇರುವ ಮನೆಯನ್ನು ಯಾರೂ ಹೇಳುವುದಿಲ್ಲ, ಹಿರಿಯರ ಮನೆಯನ್ನೇ ಹೇಳುತ್ತಾರೆ. ಪುಂಜಾಲಕಟ್ಟೆಯಲ್ಲೇ ತಲೆ ನರೆತ ಧರ್ಣಪ್ಪ ಠೀವಿಯಿಂದ ಶಿರ್ತಾಡಿ ಎಂದ. ಶಿರ್ತಾಡಿ ಗೆರೆಯ ಈಚೆಗಿತ್ತು, ಅವನಿಗೆ ಮೂಟೆ ಸಿಕ್ಕಿತು. ಉಮ್ಮರ್ ಅದೇ ಠೀವಿಯಿಂದ ಪಯ್ಯನ್ನೂರು ಎಂದ. ಸಾಹೇಬರು ಅವನ ಹಿಂದಿನವನನ್ನು ಕರೆದರು.

ಮನೆಯಲ್ಲಿ ಜುಲೈಕಾ ಚಾಪೆಯಲ್ಲಿದ್ದಳು. ಊರಿಗೆಲ್ಲ ಗಂಜಿ ಕೊಟ್ಟವಳಿಗೆ ಊರು ಜ್ವರ ಕೊಟ್ಟಿತ್ತು. ಕೇಳಿ ನಕ್ಕಳು.

“ಪುಂಜಾಲಕಟ್ಟೆ ಅಂತ ಹೇಳಿದ್ರೆ ನಿಮ್ಮ ಬಾಯಿ ಸವೀತಿತ್ತಾ?”

“ಸುಳ್ಳು ಹೇಗೆ ಹೇಳುವುದು? ನಮ್ಮವರು ಮಣ್ಣಾದ ಜಾಗ ಊರು. ಇಲ್ಲಿ ನಮ್ಮವರು ಯಾರು ಉಂಟು?”

“ನಾನಿಲ್ವಾ?”

“ನೀನು ಬದುಕಿ ಉಂಟಲ್ಲ, ಮಾರಾಯ್ತಿ,” ಎಂದ ಉಮ್ಮರ್. ಇಬ್ಬರೂ ನಕ್ಕರು. ನಗುವಾಗ ಅವಳಿಗೆ ಕೆಮ್ಮು ಬಂತು, ಆ ಕೆಮ್ಮು ನಿಲ್ಲಲಿಲ್ಲ. ಆ ವಾರವೇ ಅವಳನ್ನು ಮಸೀದಿಯ ಹಿಂದೆ ಮಣ್ಣು ಮಾಡಿದರು.

ಸಾಹೇಬರು ಇನ್ನೊಮ್ಮೆ ಬಂದಾಗ ಧರ್ಣಪ್ಪ ಉಮ್ಮರನನ್ನು ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಹೇಳಿಕೊಟ್ಟ. ಹೇಳಿಕೊಡುವ ಅಗತ್ಯವಿರಲಿಲ್ಲ.

“ಊರು ಯಾವುದು?”

“ಪುಂಜಾಲಕಟ್ಟೆ,” ಎಂದ ಉಮ್ಮರ್. ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. ಅದಕ್ಕಿಂತ ನಿಜವಾದ ಮಾತು ಆ ಜಗಲಿಯಲ್ಲಿ ಆ ದಿನ ಇನ್ನೊಂದು ಹುಟ್ಟಲಿಲ್ಲ.

ಸಾಹೇಬರು ಮುಖ ನೋಡಿ ಗುರುತು ಹಿಡಿದರು. “ಹೋದ್ಸಲ ಪಯ್ಯನ್ನೂರು ಅಂದ್ರಿ. ಸಕ್ಕರೆ ಕೊಡ್ತಾರೆ ಅಂದ್ರೆ ಊರನ್ನೂ ಬದಲಾಯಿಸ್ತೀರೇನ್ರೀ?”

ಧರ್ಣಪ್ಪ ಸಿಟ್ಟಿನಲ್ಲಿ ಕನ್ನಡ ಮರೆತು ತುಳುವಿನಲ್ಲಿ ವಾದಿಸಿದ. ಇವನ ಹೆಂಡತಿಯ ಗಂಜಿಯಿಂದ ತಾನು ಬದುಕಿದ್ದು, ಅವಳು ಇಲ್ಲೇ ಮಣ್ಣಾದದ್ದು, ಎಲ್ಲ ಹೇಳಿದ. ಸಾಹೇಬರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಉಮ್ಮರನಿಗೆ ಕನ್ನಡವೂ ಬರುತ್ತಿತ್ತು. ಆದರೆ ಸಕ್ಕರೆ ಕೇಳಲು ಹೆಂಡತಿಯ ಗೋರಿಯನ್ನು ತೋರಿಸಲು ಅವನಿಗೆ ಮನಸ್ಸು ಬರಲಿಲ್ಲ.

“ಬನ್ನಿ, ಧರ್ಣಪ್ಪಣ್ಣ. ಹೋಗುವ,” ಎಂದ.

ಧರ್ಣಪ್ಪ ತನ್ನ ಮೂಟೆಯಲ್ಲಿ ಅರ್ಧ ತಂದಿಟ್ಟ. ಉಮ್ಮರ್ ಅದನ್ನು ಅವಳ ಹೆಸರಿನಲ್ಲಿ ಗಂಜಿ ಕಾಯಿಸಿ ಸಾಲಿಗೆಲ್ಲ ಹಂಚಿಬಿಟ್ಟ. ಸಾಲಿನವರು ಒಬ್ಬೊಬ್ಬರಾಗಿ ಗೆರೆಯಾಚೆ ಮರಳಿದರು, ಅವನನ್ನೂ ಕರೆದರು. ಊರು ಬಿಟ್ಟು ಎಲ್ಲಿಗೆ ಬರುವುದು ಎಂದು ಅವನು ಅವರನ್ನೇ ಕೇಳಿದ.

ಹಿತ್ತಾಳೆಯ ಪಟ್ಟದಾನೆ ಮೂಡಬಿದಿರೆಯ ಹೋಟೆಲೊಂದಕ್ಕೆ ಬಿಕರಿಯಾಗಿ ಬಸ್ಸಿನ ಮಾಡು ಏರಿ ಹೋಯಿತು. ಆಮೇಲೆ ಚಕ್ರವರ್ತಿ ಧರ್ಣಪ್ಪನ ಜಗಲಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದ. ಬೆಳ್ತಂಗಡಿ ಬಸ್ಸು ಬರುತ್ತಿತ್ತು, ಒಂದು ಕ್ಷಣವೂ ತಡಮಾಡದೆ ಹೊರಟುಹೋಗುತ್ತಿತ್ತು.